ಪಾಲಿಹೌಸ್ ವಾಸನೆಗೆ ಓಝೋನ್ ಮೆಷಿನ್ ಹಾಕಿಸಬಹುದಾ? ಒಳಗೆ ಕೆಲಸ ಮಾಡುವವರಿಗೆ ತೊಂದರೆ ಇಲ್ವಾ?

ಹೊಸಕೋಟೆ ಕ್ಯಾಪ್ಸಿಕಂ:
ಎಲ್ಲರಿಗೂ ನಮಸ್ಕಾರ. ಹೊಸಕೋಟೆ ಹತ್ತಿರ ನಮ್ಮದು ಅರ್ಧ ಎಕರೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ. ಬಣ್ಣದ ಕ್ಯಾಪ್ಸಿಕಂ ಹಾಕಿದ್ದೇವೆ. ಮೊದಲು ಸುತ್ತ ಬರೀ ರಾಗಿ ಹೊಲ ಇತ್ತು, ಈಗ ಬೇಲಿ ಪಕ್ಕದಲ್ಲೇ ಲೇಔಟ್ ಎದ್ದಿದೆ. ಕೋಳಿ ಗೊಬ್ಬರ ಹಾಕಿದಾಗಲೆಲ್ಲ ಅಲ್ಲಿನವರು ಜಗಳಕ್ಕೆ ಬರುತ್ತಾರೆ. ಮೀನಿನ ಅಮೈನೋ ಆಸಿಡ್ (ಮೀನು ಕೊಳೆಸಿ ಮಾಡುವ ದ್ರವಗೊಬ್ಬರ) ಡ್ರಮ್ಮೂ ಒಳಗೇ ಇದೆ. ಅದರ ಮುಚ್ಚಳ ತೆಗೆದ ದಿನವಂತೂ ಕೇಳಲೇಬೇಡಿ. ಈಗ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ.

ಒಬ್ಬ ಡೀಲರ್ ಬಂದು ಕೊಟೇಶನ್ ಕೊಟ್ಟು ಹೋದರು. ಗಾಳಿ ಶುದ್ಧ ಮಾಡುವ ಮೆಷಿನ್, ಗಂಟೆಗೆ 10 ಗ್ರಾಂ ಓಝೋನ್ ಬಿಡುತ್ತದಂತೆ. "ಓಝೋನ್ ಅಂದ್ರೆ ಆಕ್ಸಿಜನ್ನೇ ಸರ್, ವಾಸನೆ ತಿಂದು ಮತ್ತೆ ಆಕ್ಸಿಜನ್ ಆಗಿಬಿಡುತ್ತೆ, ದಿನವಿಡೀ ಆನ್ ಇಡಿ" ಅಂದರು. ಒಳಗೆ ಬೆಳಗ್ಗೆಯಿಂದ ಸಂಜೆವರೆಗೆ ಹೆಣ್ಣಾಳುಗಳು ದಾರ ಕಟ್ಟುತ್ತಾ, ಕಾಯಿ ಕೀಳುತ್ತಾ ಇರುತ್ತಾರೆ. ಸೇಫ್ ತಾನೇ? ಯಾರಾದ್ರೂ ಹಾಕಿಸಿದ್ದೀರಾ?

ಸುಮ್ನೆ ಓದೋನು:
ಓಝೋನ್ ಪದರ ನಮ್ಮನ್ನ ಕಾಪಾಡುತ್ತೆ ಅಂತ ಸ್ಕೂಲಲ್ಲಿ ಓದಿದ್ವಲ್ಲ. ಅದೇ ತಾನೇ ಇದು? ಕೆಟ್ಟದ್ದು ಹೇಗಾಗುತ್ತೆ?

ಮಣ್ಣಿನ ಮೇಷ್ಟ್ರು:
ಅದೇ ಅನಿಲ, ಆದರೆ ಅದು ಇರಬೇಕಾದ ಜಾಗ 20-25 ಕಿಲೋಮೀಟರ್ ಮೇಲೆ. ಮೂಗಿನ ಮಟ್ಟಕ್ಕೆ ಬಂದರೆ ಅದು ಮಾಲಿನ್ಯ. ನಮ್ಮ ದೇಶದ 2009ರ ಗಾಳಿಯ ಗುಣಮಟ್ಟದ ಪಟ್ಟಿಯಲ್ಲೇ ಇದೆ. ಎಂಟು ಗಂಟೆಯ ಸರಾಸರಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ದಾಟಬಾರದು. ಅಂದರೆ ಸುಮಾರು 0.05 ಪಿಪಿಎಂ (ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು). 1948ರ ಹಳೇ ಕಾರ್ಖಾನೆ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿ ಕೆಲಸದ ಜಾಗಕ್ಕೆ ಎಂಟು ಗಂಟೆಯ ಮಿತಿ 0.1 ಪಿಪಿಎಂ ಅಂತ ಇತ್ತು. ಅಮೆರಿಕದ ಕೆಲಸದ ಜಾಗದ ನಿಯಮದಲ್ಲೂ ಅಷ್ಟೇ.

ಈಗ ಹೊಸಕೋಟೆ ಗೌಡ್ರ ಪಾಲಿಹೌಸ್ ಲೆಕ್ಕ ಹಾಕೋಣ. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಸರಾಸರಿ ಎತ್ತರ 5 ಮೀಟರ್ ಅಂತ ಇಟ್ಟುಕೊಂಡರೆ 10,000 ಘನ ಮೀಟರ್ ಗಾಳಿ. 0.1 ಪಿಪಿಎಂ ಓಝೋನ್ ಅಂದರೆ ಘನ ಮೀಟರ್‌ಗೆ ಸುಮಾರು 0.2 ಮಿಲಿಗ್ರಾಂ. ಇಡೀ ಮನೆಗೆ ಸೇರಿಸಿದರೆ ಬರೀ 2 ಗ್ರಾಂ. ಗಂಟೆಗೆ 10 ಗ್ರಾಂ ಬಿಡುವ ಮೆಷಿನ್ನಿಗೆ ಅದು 12 ನಿಮಿಷದ ಕೆಲಸ.

ನಿಜ, ಎಲೆ, ಮಣ್ಣು, ಪ್ಲಾಸ್ಟಿಕ್ ಎಲ್ಲ ಒಂದಿಷ್ಟು ಓಝೋನನ್ನು ತಿಂದುಹಾಕುತ್ತವೆ. ಪರದೆ ಮೇಲೆತ್ತಿದ್ದರೆ ಗಾಳಿಯೂ ಹೊಡೆದುಕೊಂಡು ಹೋಗುತ್ತದೆ. ಹಾಗಾಗಿ ಮನೆ ಪೂರ್ತಿ ಒಂದೇ ಸಮ ಏರಲ್ಲ. ಆದರೆ ಮೆಷಿನ್ ಬಾಯಿಯ ಮುಂದಿನ ಸಾಲಿನಲ್ಲಿ ದಾರ ಕಟ್ಟುವವರಿಗೆ ಸರಾಸರಿ ಲೆಕ್ಕದಿಂದ ಏನೂ ಸಮಾಧಾನ ಇಲ್ಲ.

ಹೊಸಕೋಟೆ ಕ್ಯಾಪ್ಸಿಕಂ:
ಮೇಷ್ಟ್ರೇ, ಹಾಗಾದ್ರೆ ಸಣ್ಣದಾಗಿ ಇಟ್ಟರೆ? ಮೆಷಿನ್‌ನಲ್ಲಿ ರೆಗ್ಯುಲೇಟರ್ ಇದೆ ಅಂದಿದ್ದಾರೆ.

ಮಣ್ಣಿನ ಮೇಷ್ಟ್ರು:
ಸಣ್ಣದಾಗಿ ಇಟ್ಟರೆ ಆಳುಗಳು ಬಚಾವು, ವಾಸನೆಯೂ ಬಚಾವು! ಅಮೆರಿಕದ ಪರಿಸರ ಇಲಾಖೆ ಎಷ್ಟೋ ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದೆ. ಆರೋಗ್ಯದ ಮಿತಿಯೊಳಗೆ ಇಟ್ಟರೆ ಓಝೋನಿಗೆ ಒಳಾಂಗಣದ ಕೆಟ್ಟ ಗಾಳಿ ತೆಗೆಯುವ ಶಕ್ತಿ ಇರೋದು ಬಹಳ ಕಡಿಮೆ. ಅದರಲ್ಲೂ ಕೋಳಿ ಗೊಬ್ಬರದ ಮುಖ್ಯ ಘಾಟು ಅಮೋನಿಯ. ಗಾಳಿಯಲ್ಲಿ ಓಝೋನೂ ಅಮೋನಿಯವೂ ಸೇರಿದರೆ ನಡೆಯುವ ಕ್ರಿಯೆ ತೀರಾ ನಿಧಾನ. ಅಂದರೆ ನಿಮಗೆ ಬೇಕಾದ ಕೆಲಸಕ್ಕೇ ಅದು ಬರಲ್ಲ.

ಗುಲಾಬಿ ಮ್ಯಾನೇಜರ್:
ನಾನು ಹೊಸೂರು ಕಡೆ ಗುಲಾಬಿ ಪಾಲಿಹೌಸ್ ನೋಡಿಕೊಳ್ತೀನಿ. ಹಿಂದೆ ಕೆಲಸ ಮಾಡಿದ ಕಡೆ ಪ್ಯಾಕಿಂಗ್ ರೂಮಿನಲ್ಲಿ ಇಂಥದ್ದೇ ಒಂದು ಗೋಡೆಗೆ ಹಾಕಿಸಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಹಳೇ ಜೆರಾಕ್ಸ್ ಅಂಗಡಿಯ ಥರ ಒಂದು ಚುರುಕು ವಾಸನೆ. "ಫ್ರೆಶ್ ಆಗಿದೆ" ಅಂತ ಓನರ್‌ಗೆ ಖುಷಿ. ಮಧ್ಯಾಹ್ನದ ಹೊತ್ತಿಗೆ ಗ್ರೇಡಿಂಗ್ ಟೇಬಲ್‌ನಲ್ಲಿ ಕೂತ ಹೆಂಗಸರಿಗೆ ಗಂಟಲು ಕೆರೆತ, ಒಣ ಕೆಮ್ಮು. ಒಬ್ಬರಿಗೆ ಮೊದಲೇ ಉಬ್ಬಸ ಇತ್ತು, ಅವರು ಆ ರೂಮಿಗೆ ಬರೋದನ್ನೇ ಬಿಟ್ಟರು. ಬಾಗಿಲ ಹತ್ತಿರ ಕುಂಡದಲ್ಲಿದ್ದ ಬೀನ್ಸ್ ಗಿಡದ ಹಳೇ ಎಲೆಗಳ ಮೇಲ್ಭಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಕಂದು ಚುಕ್ಕೆ. ನರಗಳು ಮಾತ್ರ ಹಸಿರಾಗೇ ಇದ್ದವು. ಮೈಟ್ಸ್ ಅಂದುಕೊಂಡು ಔಷಧಿಯನ್ನೂ ಹೊಡೆದರು! ಎಲೆ ಕೆಳಗೆ ಲೆನ್ಸ್ ಇಟ್ಟು ನೋಡಿದರೆ ಒಂದು ಹುಳವೂ ಇರಲಿಲ್ಲ.

ಇನ್ನೊಂದು ವಿಷಯ. ಅಲ್ಲಿದ್ದ ರಬ್ಬರ್ ವಾಷರ್, ಗ್ರೋಮೆಟ್ (ಪೈಪಿನ ತೂತಿಗೆ ಕೂರಿಸುವ ರಬ್ಬರ್ ಬಳೆ) ಎಲ್ಲ ಬೇಗ ಬಿರುಕು ಬಿಡುತ್ತಿದ್ದವು. ಬಗ್ಗಿಸಿದರೆ ಸಣ್ಣ ಸಣ್ಣ ಸೀಳು ಕಾಣುತ್ತಿತ್ತು. ಎಳೆದು ಕೂರಿಸಿದ ರಬ್ಬರನ್ನು ಓಝೋನ್ ಹೀಗೇ ಸೀಳುತ್ತೆ ಅಂತ ಆಮೇಲೆ ಗೊತ್ತಾಯಿತು. ಡ್ರಿಪ್ ಲೈನ್ ಇರುವ ಮನೆಯಲ್ಲಿ ಎಷ್ಟು ಗ್ರೋಮೆಟ್ ಇರುತ್ತೆ ನೀವೇ ಲೆಕ್ಕ ಹಾಕಿ.

ಮಣ್ಣಿನ ಮೇಷ್ಟ್ರು:
ಮ್ಯಾನೇಜರ್ ಸಾಹೇಬ್ರು ಹೇಳಿದ ಚುಕ್ಕೆ ಓಝೋನ್ ಏಟಿನ ಗುರುತೇ ಇರಬೇಕು. ಎಲೆಯ ಪತ್ರರಂಧ್ರದಿಂದ ಒಳಗೆ ಹೋಗಿ ಜೀವಕೋಶ ಸುಡುತ್ತದೆ. ಹಳೇ ಎಲೆಗೆ ಮೊದಲು ಬರುತ್ತದೆ. ಕ್ಯಾಲಿಫೋರ್ನಿಯಾದ ದ್ರಾಕ್ಷಿಯಲ್ಲಿ, ಅಮೆರಿಕದ ತಂಬಾಕಿನಲ್ಲಿ ಇದನ್ನು 1950ರ ದಶಕದ ಕೊನೆಯಲ್ಲೇ ಗುರುತಿಸಿದ್ದರು. ಬೆಲ್-ಡಬ್ಲ್ಯೂ3 ಅನ್ನುವ ತಂಬಾಕು ತಳಿ ಎಷ್ಟು ಸೂಕ್ಷ್ಮ ಅಂದರೆ, ಊರಿನ ಗಾಳಿಯಲ್ಲಿ ಓಝೋನ್ ಇದೆಯಾ ಅಂತ ನೋಡಲು ಅದನ್ನೇ ನೆಡುತ್ತಿದ್ದರು. ಬೀನ್ಸ್, ಆಲೂಗಡ್ಡೆ, ಟೊಮ್ಯಾಟೊಗೂ ಹೊಡೆತ ಬೀಳುತ್ತದೆ. ಪಾಲಿಹೌಸ್‌ನಲ್ಲಿ ನೀರು ಚೆನ್ನಾಗಿ ಕೊಟ್ಟಿರುತ್ತೇವೆ, ತೇವ ಜಾಸ್ತಿ, ರಂಧ್ರ ಪೂರ್ತಿ ತೆರೆದಿರುತ್ತದೆ. ಆಗ ಏಟೂ ಜಾಸ್ತಿ.

ಟೆಕ್ ಸೇಲ್ಸ್ 2:
ಸುಮ್ಮನೆ ಹೆದರಿಸಬೇಡಿ. ಓಝೋನಿಂದ ಕುಡಿಯುವ ನೀರು ಶುದ್ಧ ಮಾಡ್ತಾರೆ. ಹೋಟೆಲ್ ರೂಮಿನ ಸಿಗರೇಟ್ ವಾಸನೆ ತೆಗೀತಾರೆ. ಮೂಗಿಗೆ ವಾಸನೆ ಜಾಸ್ತಿ ಅನಿಸಿದ್ರೆ ಮೆಷಿನ್ ಆಫ್ ಮಾಡಿದ್ರಾಯ್ತು. ಅಷ್ಟೇ.

ಅಣಬೆ ಅಕ್ಕ:
ನೀರಿಗೆ ಹಾಕೋದು ಬೇರೆ, ಜನ ಉಸಿರಾಡೋ ಗಾಳಿಗೆ ಬಿಡೋದು ಬೇರೆ ಅಲ್ವಾ ಸರ್? ಹೋಟೆಲ್‌ನವರು ರೂಮ್ ಖಾಲಿ ಮಾಡಿ, ಬಾಗಿಲು ಹಾಕಿ, ಆಮೇಲೆ ಕಿಟಕಿ ತೆಗೆದು ಗಾಳಿ ಆಡಿಸಿದ ಮೇಲೆ ಗಿರಾಕಿಯನ್ನ ಬಿಡ್ತಾರೆ. ಗಿಡವನ್ನ ಎಬ್ಬಿಸಿ ಹೊರಗೆ ಕೂರಿಸೋಕಾಗುತ್ತಾ?

ಮೂಗನ್ನ ನಂಬೋದಂತೂ ಬೇಡ. ಓಝೋನ್ 0.1 ಪಿಪಿಎಂಗಿಂತ ಎಷ್ಟೋ ಕಡಿಮೆ ಇರುವಾಗಲೇ ಮೂಗಿಗೆ ಗೊತ್ತಾಗುತ್ತೆ, ಅದು ಸರಿ. ಆದರೆ ಸ್ವಲ್ಪ ಹೊತ್ತಿಗೆ ಮೂಗು ಅದಕ್ಕೆ ಒಗ್ಗಿಹೋಗುತ್ತೆ. ಮೀಟರ್ ಇಲ್ಲದೆ ಓಝೋನ್ ಮೆಷಿನ್ ಮಾರುವವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಒಳಗಿನ ಮಟ್ಟ ಎಷ್ಟು ಅಂತ ತೋರಿಸೋ ಸೆನ್ಸರ್ ಎಲ್ಲಿ, ಮಿತಿ ದಾಟಿದರೆ ತಾನೇ ಆಫ್ ಆಗುತ್ತಾ?

ಸಾಗರದಾಚೆ:
ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ಸಾಂಟಾ ಬಾರ್ಬರಾ ಕೌಂಟಿ (ನಮ್ಮ ಜಿಲ್ಲೆ ಥರ) ಪಕ್ಕ. ಹಸಿರುಮನೆ ವಾಸನೆಯ ಜಗಳ ನೋಡಬೇಕಂದ್ರೆ ಇಲ್ಲಿಗೆ ಬರಬೇಕು! ಕಾರ್ಪಿಂಟೀರಿಯಾ ಅಂತ ಸಮುದ್ರದ ಪಕ್ಕದ ಸಣ್ಣ ಊರು. ಹಿಂದೆ ಜರ್ಬೆರಾ, ಸೇವಂತಿಗೆ ಥರದ ಕೊಯ್ಲು ಹೂವಿನ ಗಾಜಿನಮನೆಗಳಿಗೆ ಹೆಸರುವಾಸಿ. ಹೊರದೇಶದ ಅಗ್ಗದ ಹೂವು ಬಂದು ಆ ವ್ಯಾಪಾರ ಕುಸಿಯಿತು. 2016ರಲ್ಲಿ ರಾಜ್ಯದ ಜನ ಮತ ಹಾಕಿ ಗಾಂಜಾವನ್ನು ಕಾನೂನುಬದ್ಧ ಮಾಡಿದರು, 2018ರ ಜನವರಿಯಿಂದ ಅಂಗಡಿಯಲ್ಲಿ ಮಾರಾಟ ಶುರು. ಎಷ್ಟೋ ಹೂವಿನ ಮನೆಗಳು ಗಾಂಜಾ ಮನೆಗಳಾದವು. ಸ್ಕಂಕ್ ಅನ್ನೋ ಪ್ರಾಣಿ ಬಿಡುವಂಥ ಗಾಂಜಾ ಗಿಡದ ನಾತ ಊರಿಗೆಲ್ಲ. ಗಿಡಕ್ಕೆ ಪರಿಮಳ ಕೊಡುವ ಟರ್ಪೀನ್ ಎಣ್ಣೆಗಳು ಮಾತ್ರ ಕಾರಣ ಅಂದುಕೊಂಡಿದ್ದರು. 2021ರಲ್ಲಿ ಆ ನಾತದ ಹಿಂದೆ ಗಂಧಕ ಇರುವ ಸಂಯುಕ್ತಗಳಿವೆ ಅಂತ ಗೊತ್ತಾಯಿತು. ಅತಿ ಸೂಕ್ಷ್ಮ ಪ್ರಮಾಣ ಸಾಕು, ಮೂಗಿಗೆ ಹತ್ತುತ್ತದೆ.

ಇಲ್ಲಿ ಮೊದಲು ಮಾಡಿದ್ದು ಏನಂದ್ರೆ, ಗಾಜಿನಮನೆಯ ಸುತ್ತ ತೂತಿನ ಪೈಪ್ ಎಳೆದು ಸಸ್ಯದ ಎಣ್ಣೆ ಬೆರೆಸಿದ ಆವಿ ಬಿಡೋದು. ಹೊರಗೆ ಹೋಗೋ ವಾಸನೆಯನ್ನ ಅದು ಕಟ್ಟಿಹಾಕುತ್ತೆ ಅಂತ. ಪಕ್ಕದ ಮನೆಯವರ ತಕರಾರು ಎರಡು ಪಟ್ಟಾಯಿತು: "ಗಾಂಜಾ ನಾತ ಒಂದು ಸಾಲದು ಅಂತ ಈಗ ನಿಮ್ಮ ಸೆಂಟನ್ನೂ ನಾವು ದಿನಾ ಕುಡೀಬೇಕಾ?" ನನಗೂ ಅವರ ಮಾತೇ ಸರಿ ಅನಿಸುತ್ತೆ. ಗಾಳಿಗೆ ಇನ್ನೊಂದನ್ನ ಸೇರಿಸೋದು ಶುದ್ಧಿ ಹೇಗಾಗುತ್ತೆ? ಕೊನೆಗೆ ಗಾಳಿ ಸುತ್ತ ಜಗಳ ಆಡಿ ಆಡಿ, 2025ರಲ್ಲಿ ಕೌಂಟಿಯವರು ಒಳಗೇ ಇಂಗಾಲದ ಫಿಲ್ಟರ್ ಅಥವಾ ಅದಕ್ಕೆ ಸಮನಾದ ವ್ಯವಸ್ಥೆ ಬೇಕು ಅನ್ನೋ ಕಡೆ ಹೋದರು.

ಓಝೋನ್ ವಿಷಯಕ್ಕೆ ಬಂದರೆ, ಈ ರಾಜ್ಯದಲ್ಲಿ ಮನೆ, ಆಫೀಸಿಗೆ ಮಾರುವ ಗಾಳಿ ಶುದ್ಧಿ ಯಂತ್ರಗಳು 0.05 ಪಿಪಿಎಂಗಿಂತ ಜಾಸ್ತಿ ಓಝೋನ್ ಬಿಡುವಂತಿಲ್ಲ, 2010ರಿಂದ ಜಾರಿ. ಇನ್ನೊಂದು ಅಪಾಯ ಯಾರೂ ಹೇಳಲ್ಲ. ಗಿಡ ಬಿಡುವ ಟರ್ಪೀನ್ ಜೊತೆ ಓಝೋನ್ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತೆ, ಜೊತೆಗೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣ. ವಾಸನೆ ಹೋಯ್ತು ಅಂತ ಅನಿಸಿದಾಗಲೂ ಗಾಳಿ ಕೆಟ್ಟಿರಬಹುದು.

ಸುಮ್ನೆ ಓದೋನು:
ಹಾಗಾದ್ರೆ ಇಂಗಾಲ ಫಿಲ್ಟರ್ರೇ ಸೇಫ್ ಅಲ್ವಾ? ಇದ್ದಿಲು ತಾನೇ? ತಿಪಟೂರು ಕಡೆಯಿಂದ ಕೊಬ್ಬರಿ ಚಿಪ್ಪಿನ ಇದ್ದಿಲು ತಂದು ಮೂಟೆ ಕಟ್ಟಿ ತೂಗುಹಾಕಿದ್ರಾಯ್ತು.

ಅಣಬೆ ಅಕ್ಕ:
ಇದ್ದಿಲು ಬೇರೆ, ಸಕ್ರಿಯ ಇಂಗಾಲ ಬೇರೆ ಕಣಪ್ಪ. ಚಿಪ್ಪಿನ ಇದ್ದಿಲನ್ನ ಮತ್ತೆ 800-1000 ಡಿಗ್ರಿಯಲ್ಲಿ ಹಬೆ ಕೊಟ್ಟು ಬೇಯಿಸಿದ ಮೇಲೆ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರ ತೆರೆಯುತ್ತೆ. ಒಂದು ಗ್ರಾಂನಲ್ಲಿ ಸಾವಿರ ಚದರ ಮೀಟರ್‌ನಷ್ಟು ಮೇಲ್ಮೈ. ವಾಸನೆ ಹಿಡಿಯೋದು ಅದು. ತೂಗುಹಾಕಿದ್ರೂ ಪ್ರಯೋಜನ ಇಲ್ಲ, ಫ್ಯಾನ್ ಇಟ್ಟು ಗಾಳಿಯನ್ನ ಅದರ ಮೂಲಕ ತಳ್ಳಬೇಕು.

ನನ್ನ ಅಣಬೆ ರೂಮಿನಲ್ಲಿ ನಾನು ಬಳಸ್ತಿರೋದು ಇಂಗಾಲವೇ. ಓಝೋನಿಗೆ ಹೋಲಿಸಿದರೆ ಜನಕ್ಕೆ ಸೇಫು. ಆದರೆ ಅದಕ್ಕೂ ತನ್ನದೇ ತರಲೆ ಇದೆ. ತೇವ 70 ಪರ್ಸೆಂಟ್ ದಾಟಿದರೆ ರಂಧ್ರಕ್ಕೆ ನೀರು ತುಂಬಿಕೊಂಡು ವಾಸನೆ ಹಿಡಿಯೋ ಶಕ್ತಿ ಇಳಿಯುತ್ತೆ. ಅಣಬೆ ರೂಮಲ್ಲಿ 85 ಮಾಮೂಲು. ಅದಕ್ಕೇ ನಾನು ಫಿಲ್ಟರ್ ಇಟ್ಟಿರೋದು ಕಾಂಪೋಸ್ಟ್ ಶೆಡ್ಡಿನಲ್ಲಿ, ಬೆಳೆ ರೂಮಲ್ಲಲ್ಲ. ಇನ್ನೊಂದು, ಬರೀ ಇಂಗಾಲ ಅಮೋನಿಯವನ್ನ ಸರಿಯಾಗಿ ಹಿಡಿಯಲ್ಲ. ಆಸಿಡ್ ಸವರಿದ ಇಂಗಾಲ ಕೇಳಿ ತಗೋಬೇಕು. ಕೊಳೆತ ಮೊಟ್ಟೆ ವಾಸನೆಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಗುಂಡುಗಳು ಸಿಗ್ತವೆ. ನೇರಳೆ ಬಣ್ಣ ಕಂದಾಯ್ತು ಅಂದ್ರೆ ಅದರ ಕಥೆ ಮುಗೀತು ಅಂತ. ಆ ಗುಂಡನ್ನ ಬರಿಗೈಲಿ ಮುಟ್ಟಬೇಡಿ, ಡೀಸೆಲ್, ಎಣ್ಣೆ ಬಟ್ಟೆ ಹತ್ತಿರ ಇಡಲೇಬೇಡಿ, ಬೆಂಕಿ ಹತ್ತಿಕೊಳ್ಳಬಹುದು.

ವೈರ್‌ಮನ್ ತುಮಕೂರು:
ಅಕ್ಕ ಬೆಂಕಿ ಅಂದ್ರಲ್ಲ, ಅಲ್ಲೇ ಹಿಡ್ಕೊಳ್ತೀನಿ. ಫಿಲ್ಟರ್‌ಗೆ ಧೂಳು ಕಟ್ಟಿದ್ರೆ ಫ್ಯಾನ್ ಮೋಟಾರ್ ಕಾಯುತ್ತೆ. ಮುಂದೆ ಒಂದು ಒಗೆಯೋ ಬಟ್ಟೆ ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ಒದರಿ. ಎಷ್ಟೋ ಕಡೆ ಅದೊಂದನ್ನ ಮಾಡದೆ ಮೋಟಾರ್ ಸುಟ್ಕೊಂಡಿದ್ದಾರೆ.

ಪಾಲಿಹೌಸ್ ಅಂದ್ರೆ ಫಾಗರ್, ಡ್ರಿಪ್, ಒದ್ದೆ ನೆಲ, ಬರಿಗಾಲಲ್ಲಿ ಓಡಾಡೋ ಜನ. ಯಾವ ಮೆಷಿನ್ನೇ ಹಾಕಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇಲ್ಲದೆ ಲೈನ್ ಕೊಡಬೇಡಿ. ತುಂಬಾ ಜನ 100 ಅಥವಾ 300 ಮಿಲಿ ಆಂಪಿಯರ್‌ದು ಹಾಕಿ ಆಯ್ತು ಅಂತಾರೆ. ಅದು ಬೆಂಕಿ ತಡೆಯೋಕೆ, ಜೀವ ಉಳಿಸೋಕಲ್ಲ. ಅರ್ಥಿಂಗ್ ಗುಂಡಿ ಒಣಗಿದ್ರೆ ನೀರು ಹಾಕಿ. ಬಾಕ್ಸ್ ಐಪಿ65 ಇರಲಿ, ಅಂದ್ರೆ ಧೂಳು, ನೀರು ಒಳಗೆ ಹೋಗದಂಥದ್ದು. ಬಿಚ್ಚಿದ ವೈರಿಗೆ ಇನ್ಸುಲೇಶನ್ ಟೇಪ್ ಸುತ್ತಿ ಪ್ಲಾಸ್ಟಿಕ್ ಕವರ್ ಕಟ್ಟೋ ಪದ್ಧತಿ ಬಿಡಿ, ದಯವಿಟ್ಟು.

ಈಗ ಯುವಿ (ಅತಿನೇರಳೆ) ಲೈಟು ಅಂತ ಇನ್ನೊಂದು ಬಂದಿದೆ. ಅದರಲ್ಲಿ ಎರಡು ಥರ. 254 ನ್ಯಾನೋಮೀಟರ್‌ದು ಕೀಟಾಣು ಕೊಲ್ಲುತ್ತೆ. 185 ಕೂಡ ಹೊರಬಿಡೋ ಟ್ಯೂಬ್ ಇದ್ರೆ ಅದು ಓಝೋನ್ ಹುಟ್ಟಿಸುತ್ತೆ. ಪ್ಯಾಕೆಟ್ ಮೇಲೆ ಬರೆದಿರುತ್ತೆ, ಓದಿ ತಗೊಳ್ಳಿ. ಯಾವುದೇ ಆಗ್ಲಿ ಕಣ್ಣಿಗೆ ಬಿದ್ರೆ ವೆಲ್ಡಿಂಗ್ ನೋಡಿದ ಹಾಗೆ ರಾತ್ರಿ ಕಣ್ಣಲ್ಲಿ ಮರಳು ಸುರಿದಂಗೆ ಉರಿ. ಡಬ್ಬದ ಮುಚ್ಚಳ ತೆಗೆದ ಕೂಡಲೇ ಟ್ಯೂಬ್ ಆರೋ ಸ್ವಿಚ್ ಇರಬೇಕು. ಟ್ಯೂಬ್ ಒಡೆದ್ರೆ ಪಾದರಸ, ಪೊರಕೆ ಹಾಕಬೇಡಿ.

ಹೊಸಕೋಟೆ ಕ್ಯಾಪ್ಸಿಕಂ:
ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಓಝೋನ್ ಬೇಡ ಅಂತ ಡೀಲರ್‌ಗೆ ಹೇಳಿದೆ. ಈಗ ಇಂಗಾಲ ಫಿಲ್ಟರ್ ಕೊಟೇಶನ್ ಕಳಿಸಿದ್ದಾರೆ. ಎರಡು ಯೂನಿಟ್ ಸಾಕಂತೆ. ನಮ್ಮದು ನ್ಯಾಚುರಲ್ ವೆಂಟಿಲೇಶನ್ ಪಾಲಿಹೌಸ್, ಮೇಲೆ ತೆರೆದ ಕಿಂಡಿ, ಪಕ್ಕ ಸುತ್ತೋ ಪರದೆ. ಎರಡು ಸಾಕಾಗುತ್ತಾ?

ಮಣ್ಣಿನ ಮೇಷ್ಟ್ರು:
ಇದನ್ನೇ ಮೊದಲು ಕೇಳಬೇಕಿತ್ತು ನಾವು! ಮೇಲೆ ಕಿಂಡಿ ತೆರೆದಿರೋ ಮನೆಯಲ್ಲಿ ಗಾಳಿ ಶುದ್ಧ ಮಾಡೋದು ಅಂದ್ರೆ ಹೊಸಕೋಟೆಯ ಗಾಳಿ ಶುದ್ಧ ಮಾಡಿದ ಹಾಗೆ. ಬೇಸಿಗೆಯಲ್ಲಿ ಗಿಡ ತಂಪಾಗಿರಬೇಕಾದರೆ ಹಸಿರುಮನೆಯ ಗಾಳಿ ಹೆಚ್ಚುಕಮ್ಮಿ ನಿಮಿಷಕ್ಕೊಮ್ಮೆ ಬದಲಾಗಬೇಕು. ನಿಮ್ಮ ಮನೆಗೆ ಅದು ಗಂಟೆಗೆ 6 ಲಕ್ಷ ಘನ ಮೀಟರ್. ಕೊಟೇಶನ್‌ನಲ್ಲಿ ಒಂದು ಯೂನಿಟ್ ಗಂಟೆಗೆ ಎಷ್ಟು ಗಾಳಿ ಎಳೆಯುತ್ತೆ ಅಂತ ನೋಡಿ. 3,000 ಅಂತ ಇದ್ರೆ ಎರಡು ಯೂನಿಟ್ ಸೇರಿ ನೂರರಲ್ಲಿ ಒಂದು ಪಾಲು. ಮಿಕ್ಕ 99 ಪಾಲು ಕಿಂಡಿಯಿಂದ ಲೇಔಟ್ ಕಡೆಗೇ.

ಕಿಂಡಿ ಮುಚ್ಚಿದ್ರೆ? ಗಿಡ ಬೇಯುತ್ತೆ, ಬೂಷ್ಟು ಬರುತ್ತೆ, ಒಳಗೆ ಅಮೋನಿಯ ಕೂಡುತ್ತೆ. ಅಮೋನಿಯಕ್ಕೆ ಕೆಲಸದ ಜಾಗದ ಮಿತಿ 25 ಪಿಪಿಎಂ, ಅದಕ್ಕಿಂತ ಮೊದಲೇ ಎಲೆಯ ಅಂಚು ಸುಡೋಕೆ ಶುರುವಾಗಬಹುದು. ಫ್ಯಾನ್-ಪ್ಯಾಡ್ ಮನೆ (ಒಂದು ಕಡೆ ಒದ್ದೆ ಪ್ಯಾಡ್, ಎದುರು ಕಡೆ ಗಾಳಿ ಎಳೆಯೋ ಫ್ಯಾನ್) ಇದ್ದವರಿಗೂ ಒಂದು ಮಾತು: ಆ ದೊಡ್ಡ ಎಕ್ಸಾಸ್ಟ್ ಫ್ಯಾನ್‌ಗಳಿಗೆ ಇಂಗಾಲದ ಹಾಸಿನ ಮೂಲಕ ತಳ್ಳೋ ದಮ್ಮು ಇರಲ್ಲ. ಮುಂದೆ ಫಿಲ್ಟರ್ ನಿಲ್ಲಿಸಿದ್ರೆ ಗಾಳಿ ನಿಲ್ಲುತ್ತೆ, ಮನೆ ಕಾಯುತ್ತೆ.

ನಿಮಗೆ ಮೆಷಿನ್ನೇ ಬೇಡ. ಕೋಳಿ ಗೊಬ್ಬರ ಹಸಿಯಾಗಿ ಒಳಗೆ ತರೋದನ್ನ ನಿಲ್ಲಿಸಿ. ಬೇಲಿಯಿಂದ ದೂರದ ಮೂಲೆಯಲ್ಲಿ, ತೆಂಗಿನ ನಾರಿನ ಪುಡಿ, ಒಣ ಎಲೆ, ಮರದ ಹೊಟ್ಟು ಬೆರೆಸಿ ಕಾಂಪೋಸ್ಟ್ ಮಾಡಿ. ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ, ಇಂಗಾಲ ಕಡಿಮೆ, ಅದಕ್ಕೇ ಮಿಕ್ಕಿದ್ದು ಅಮೋನಿಯ ಆಗಿ ಹಾರುತ್ತೆ. ಸಾರಜನಕ ಒಂದು ಪಾಲಿಗೆ ಇಂಗಾಲ 25-30 ಪಾಲು ಇದ್ದರೆ ಹಾರೋದು ಕಡಿಮೆ. ತೇವ 50-60 ಪರ್ಸೆಂಟ್: ಹಿಂಡಿದ್ರೆ ಕೈ ಒದ್ದೆಯಾಗಬೇಕು, ನೀರು ಸುರೀಬಾರದು. ಹಾರಿಹೋಗೋ ಅಮೋನಿಯ ಅಂದ್ರೆ ನೀವು ದುಡ್ಡು ಕೊಟ್ಟು ತಂದ ಸಾರಜನಕವೇ ತಾನೇ. ಕಾಂಪೋಸ್ಟ್ ಆದದ್ದನ್ನ ಮಡಿಗೆ ಹಾಕೋದು ಬೆಳಗ್ಗೆ ಬಿಸಿಲು ಏರಿದ ಮೇಲೆ. ಆಗ ಗಾಳಿ ಮೇಲೇಳುತ್ತೆ. ಸಂಜೆ ತಣ್ಣಗಾದ ಮೇಲೆ ವಾಸನೆ ನೆಲ ಹಿಡಿದು ತೆವಳುತ್ತೆ, ಲೇಔಟ್‌ನವರು ವರಾಂಡಕ್ಕೆ ಬಂದು ಕೂರೋದೂ ಆಗಲೇ.

ಗುಲಾಬಿ ಮ್ಯಾನೇಜರ್:
ಮೀನಿನ ಡ್ರಮ್ಮು ಪಾಲಿಹೌಸ್ ಒಳಗೆ ಯಾಕಿದೆ ಗೌಡ್ರೇ? ನೆರಳು ಇರೋ ಶೆಡ್ಡಿಗೆ ಸಾಗಿಸಿ. ಮುಚ್ಚಳಕ್ಕೆ ಸಣ್ಣ ಪೈಪ್ ಹಾಕಿ ಇನ್ನೊಂದು ತುದಿಯನ್ನ ನೀರಿನ ಬಾಟಲಿಯಲ್ಲಿ ಮುಳುಗಿಸಿ, ಗ್ಯಾಸ್ ಹೊರಗೆ ಹೋಗುತ್ತೆ, ನೊಣ ಒಳಗೆ ಬರಲ್ಲ. ಸ್ಲರಿ ಗುಂಡಿ ಇದ್ದರೆ ಯಾರನ್ನೂ ಒಳಗೆ ಇಳಿಸಬೇಡಿ. ಕೊಳೆತ ಮೊಟ್ಟೆಯ ವಾಸನೆ ಕೊಡೋ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ಹತ್ತಿರ ಬಂದರೆ ಮೂಗು ಸತ್ತುಹೋಗುತ್ತೆ. ವಾಸನೆ ನಿಂತಿತು ಅಂತ ಇಳಿದವರೇ ಹೋಗೋದು.

ಟೆಕ್ ಸೇಲ್ಸ್ 2:
ಎಲ್ಲಾ ಮೆಷಿನ್ನೂ ಬೇಡ ಅಂದ್ರೆ ಹೇಗೆ? ಬೆಳೆ ಮುಗಿದ ಮೇಲೆ ಖಾಲಿ ಮನೆಗೆ ಓಝೋನ್ ಹಾಕಬಹುದಲ್ವಾ?

ಅಣಬೆ ಅಕ್ಕ:
ಗಿಡ ಇಲ್ಲ, ಜನ ಇಲ್ಲ, ಬಾಗಿಲಿಗೆ ಬೀಗ, ಬೋರ್ಡು, ಮೀಟರಿನಲ್ಲಿ 0.05ಕ್ಕಿಂತ ಕೆಳಗೆ ಬಂದ ಮೇಲೆ ಮಾತ್ರ ಒಳಗೆ ಪ್ರವೇಶ. ಇಷ್ಟು ಮಾಡ್ತೀವಿ ಅಂತ ಬರೆದುಕೊಟ್ರೆ ಆಗಬಹುದು ಸರ್. ಆದರೆ ಖಾಲಿ ಮನೆಯಲ್ಲಿ ವಾಸನೆ ಯಾವುದಿರುತ್ತೆ ಹೇಳಿ?

ಹೊಸಕೋಟೆ ಕ್ಯಾಪ್ಸಿಕಂ:
ಡ್ರಮ್ಮು ಆಚೆ ಹೋಯ್ತು. ಕಾಂಪೋಸ್ಟ್‌ಗೆ ನಾರಿನ ಪುಡಿ ಹೇಳಿದ್ದೀನಿ. ಲೇಔಟ್‌ನ ಸಂಘದ ಅಧ್ಯಕ್ಷರನ್ನ ಕರೆದು ಪಾಲಿಹೌಸ್ ತೋರಿಸಿದೆ, ಗೊಬ್ಬರ ಹಾಕೋ ದಿನ ಮೊದಲೇ ವಾಟ್ಸಾಪ್ ಮಾಡ್ತೀನಿ ಅಂದೆ. ಅವರ ಮಗಳು ಬಂದು ಎರಡು ಕೆಜಿ ಕ್ಯಾಪ್ಸಿಕಂ ಬೇರೆ ತಗೊಂಡು ಹೋದಳು! ಅಕ್ಕ, ಕಾಂಪೋಸ್ಟ್ ಶೆಡ್ಡಿಗೆ ಒಂದು ಸಣ್ಣ ಇಂಗಾಲ ಫಿಲ್ಟರ್ ಹಾಕೋಣ ಅಂತಿದ್ದೀನಿ. ಹಳೇ ಇಂಗಾಲನ ಗಿಡದ ಬುಡಕ್ಕೆ ಹಾಕಬಹುದಾ?

ಅಣಬೆ ಅಕ್ಕ:
ಶೆಡ್ಡು ಮುಚ್ಚಿದ್ದರೆ ಮಾತ್ರ ಫಿಲ್ಟರ್ ಹಾಕಿ, ಬರೀ ಶೀಟ್ ಹೊದಿಸಿದ್ದಾದರೆ ದುಡ್ಡು ದಂಡ. ಆಸಿಡ್ ಸವರಿದ ಇಂಗಾಲ ಬುಡಕ್ಕೆ ಬೇಡ. ಮಾರಿದವರೇ ವಾಪಸ್ ತಗೋತಾರಾ ಅಂತ ಕೊಳ್ಳುವಾಗಲೇ ಕೇಳಿ. ಹೊಸ ಚೀಲ ಸುರಿಯುವಾಗ ಧೂಳಿಗೆ ಮಾಸ್ಕ್. ಇನ್ನೊಂದು ಎಚ್ಚರ: ಒದ್ದೆ ಇಂಗಾಲ ಗಾಳಿಯಲ್ಲಿನ ಆಕ್ಸಿಜನ್ ಹೀರಿಕೊಳ್ಳುತ್ತೆ. ದೊಡ್ಡ ಡ್ರಮ್ ಅಥವಾ ಟ್ಯಾಂಕ್ ಥರದ ಫಿಲ್ಟರ್ ತಗೊಂಡ್ರೆ ಒಳಗೆ ತಲೆ ಹಾಕಿ ಕೆರೆಯೋಕೆ ಯಾವ ಆಳನ್ನೂ ಬಿಡಬೇಡಿ. ಹೊರಗಿನಿಂದಲೇ ಬಿಚ್ಚಿ ತೆಗೆಯೋ ಟ್ರೇ ಇರುವ ಮಾಡೆಲ್ ನೋಡಿ.